ಆಷಾಢದ ಗಾಳಿಯಲ್ಲಿ ದಿಯು

ಆಷಾಢದಲ್ಲಿ ದಿಯುಗೆ ಹೋಗುವವರು ಕಡಿಮೆ. ಜೂನ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಗಿರ್ ಕಾಡು ಮುಚ್ಚಿರುವುದರಿಂದ ಸಿಂಹ ನೋಡಲು ಬಂದು ಹಾಗೇ ಕಡಲಿಗೂ ಹೋಗಿಬರುವ ಪ್ರವಾಸಿಗರು ಇರುವುದಿಲ್ಲ. ನಾಗೋವಾ ಕಿನಾರೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ದ್ವೀಪದ ಪಶ್ಚಿಮ ತುದಿಯ ವಣಾಕ್‌ಬಾರಾದಲ್ಲಿ ಮೀನುಗಾರರು ದೋಣಿಗಳನ್ನು ದಡಕ್ಕೇರಿಸಿ ಬಣ್ಣ ಬಳಿಯುತ್ತಿರುತ್ತಾರೆ. ಕವಲೊಡೆದ ಹೋಕಾ ತಾಳೆಮರಗಳು ಇಡೀ ದಿನ ಒಂದೇ ಕಡೆಗೆ ಬಾಗಿ ತೂಗುತ್ತವೆ. ಈ ಬಂದರಿನ ಚರಿತ್ರೆಯನ್ನು ಅರಿಯಬೇಕೆಂದಿದ್ದರೆ ಹೋಗಬೇಕಾದ ಕಾಲ ಇದೇ.

ಸೌರಾಷ್ಟ್ರದ ದಕ್ಷಿಣ ಅಂಚಿನಲ್ಲಿ, ಕಿರಿದಾದ ಖಾರಿಯೊಂದರಿಂದ ಬೇರ್ಪಟ್ಟ ಉದ್ದನೆಯ ದ್ವೀಪ ದಿಯು. ಖಂಬಾತ್ ಕೊಲ್ಲಿಯಿಂದ ಕೆಂಪು ಸಮುದ್ರಕ್ಕೆ ಬಟ್ಟೆ ಸಾಗಿಸುವ ಹಡಗುಗಳ ಹಾದಿಯಲ್ಲಿದ್ದುದೇ ಅದರ ಭಾಗ್ಯ, ಅದೇ ಅದರ ಕಷ್ಟ. ಗುಜರಾತ್ ಸುಲ್ತಾನರ ಅಧಿಕಾರಿ ಮಲಿಕ್ ಅಯಾಜ್ ಬೆಳೆಸಿದ ಬಂದರಿದು. ಕಾರವಾರದೆದುರಿನ ಅಂಜುದೀವಿನಲ್ಲಿ 1505ರಲ್ಲಿ ಕೋಟೆ ಕಟ್ಟಿಸಿದ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೈಡಾ, ಚೌಲ್‌ನಲ್ಲಿ ಮಡಿದ ಮಗನ ಸೇಡು ತೀರಿಸಿಕೊಳ್ಳಲು ಬಂದದ್ದು ಇಲ್ಲಿಗೇ. 1509ರ ಫೆಬ್ರವರಿ 3ರಂದು ಈಜಿಪ್ಟಿನ ಮಾಮ್ಲೂಕರು, ಗುಜರಾತಿನವರು, ಕಲ್ಲಿಕೋಟೆಯವರು ಸೇರಿ ನಿಂತಿದ್ದ ನೌಕಾಪಡೆಯನ್ನು ಆತ ಸೋಲಿಸಿದ.

ಆದರೂ ಊರು ಪೋರ್ಚುಗೀಸರ ಕೈಗೆ ಬರಲಿಲ್ಲ. 1535ರಲ್ಲಿ ಹುಮಾಯೂನನ ಸೈನ್ಯ ಬೆನ್ನಟ್ಟಿದಾಗ ಸುಲ್ತಾನ ಬಹಾದುರ್ ಷಾ ಪೋರ್ಚುಗೀಸರ ನೆರವು ಬೇಡಿ, ಕೋಟೆಗೆ ಜಾಗ ಬಿಟ್ಟುಕೊಟ್ಟ. ಕೊಟ್ಟದ್ದನ್ನು ಹಿಂದೆ ಪಡೆಯುವ ಮೊದಲೇ, 1537ರಲ್ಲಿ, ಗವರ್ನರ್ ನುನೊ ಡ ಕುನ್ಹಾನ ಹಡಗಿಗೆ ಹೋಗಿ ಮರಳುವಾಗ ಇದೇ ನೀರಿನಲ್ಲಿ ಹತನಾದ.

ಆ ಕೋಟೆಯ ಬುರುಜಿನ ಮೇಲೆ ಆಷಾಢದಲ್ಲಿ ಛತ್ರಿ ಬಿಚ್ಚುವಂತಿಲ್ಲ. ಉಪ್ಪುಹನಿ ಕನ್ನಡಕಕ್ಕೆ ಮೆತ್ತಿಕೊಳ್ಳುತ್ತದೆ; ಪಕ್ಕದವರ ಮಾತು ಕೇಳುವುದಿಲ್ಲ. ಮೂರು ಕಡೆ ಸಮುದ್ರ, ನೆಲದ ಕಡೆಗೆ ಬಂಡೆ ಕೊರೆದು ತೆಗೆದ ಕಂದಕ. ತುಕ್ಕು ಹಿಡಿದ ತೋಪುಗಳ ಆಚೆ ಖಾರಿಯ ಬಾಯಲ್ಲಿ ಪಾಣಿಕೋಟಾ ಎಂಬ ಪುಟ್ಟ ಜಲದುರ್ಗ ಅಲೆಯ ಹೊಡೆತ ತಿನ್ನುತ್ತ ನಿಂತಿರುತ್ತದೆ. ಇಂಥ ಕಡಲಲ್ಲಿ ಹಾಯಿ ಹಡಗು ಹೇಗೆ ಬಂದೀತು? 1546ರಲ್ಲಿ ಈ ಕೋಟೆಗೆ ಮುತ್ತಿಗೆ ಹಾಕಿದವರ ಲೆಕ್ಕಾಚಾರವೂ ಇದೇ ಆಗಿತ್ತು. ಗುಜರಾತಿನ ಸೇನಾನಿ ಖ್ವಾಜಾ ಸಫರ್ ಏಪ್ರಿಲ್‌ನಲ್ಲಿ ಕೋಟೆಯನ್ನು ಸುತ್ತುವರಿದ. ಮಳೆಗಾಲ ಹಿಡಿದರೆ ಗೋವೆಯಿಂದ ದೊಡ್ಡ ಸೈನ್ಯ ಬರುವಂತಿರಲಿಲ್ಲ. ಜೂನ್‌ನಲ್ಲಿ ಆತನೇ ತೋಪಿನ ಗುಂಡಿಗೆ ಬಲಿಯಾದರೂ ಮಗ ರೂಮಿ ಖಾನ್ ಹಿಡಿತ ಸಡಿಲಿಸಲಿಲ್ಲ. ಗೋಡೆಯಡಿ ಸುರಂಗ ಕೊರೆದು ಮದ್ದು ತುಂಬಿ ಸಿಡಿಸಿದಾಗ, ಗೋವೆಯ ಗವರ್ನರ್ ಜೊವಾವೊ ಡಿ ಕಾಸ್ಟ್ರೊನ ಮಗ ಫೆರ್ನಾಂಡೊ ಬುರುಜಿನೊಂದಿಗೇ ಹಾರಿಹೋದ. ಅದು ಆಗಸ್ಟ್. ತಂದೆ ದೊಡ್ಡ ಪಡೆಯೊಂದಿಗೆ ಬಂದು ಮುತ್ತಿಗೆ ಮುರಿದದ್ದು ನವೆಂಬರ್‌ನಲ್ಲಿ, ಕಡಲು ತಣ್ಣಗಾದ ಮೇಲೆ.

ಪುಡಿಯಾದ ಕೋಟೆ ಕಟ್ಟಲು ಹಣವಿಲ್ಲದೆ ಕಾಸ್ಟ್ರೊ ಗೋವೆಯ ಪೌರಸಭೆಗೆ ಸಾಲ ಕೇಳಿ ಬರೆದ ಪತ್ರ ಪ್ರಸಿದ್ಧ. ಮಗನ ಮೂಳೆಗಳನ್ನೇ ಅಡವಿಡಬೇಕೆಂದಿದ್ದ. ದೇಹ ಇನ್ನೂ ಕರಗಿರಲಿಲ್ಲವಾದ್ದರಿಂದ ತನ್ನ ಗಡ್ಡದ ಕೂದಲನ್ನು ಕಳಿಸಿದ. ಗೋವೆಯವರು ಹಣವನ್ನೂ ಕೊಟ್ಟರು, ಕೂದಲನ್ನೂ ಹಿಂದಿರುಗಿಸಿದರು. ಮುತ್ತಿಗೆ ಹಾಕಿದವರ ಕಡೆಯೂ ತಂದೆ ಮಕ್ಕಳು ಸತ್ತರು. ಅವರ ಕಥೆಯನ್ನು ಇಷ್ಟು ಅಕ್ಕರೆಯಿಂದ ಯಾರೂ ಹೇಳಿಲ್ಲವೆಂಬುದು ನನಗೆ ನೋವಿನ ಸಂಗತಿ.

ಕೋಟೆಯಿಂದಿಳಿದು ಊರೊಳಗೆ ಬಂದರೆ ಗಾಳಿಯ ಸದ್ದು ತಗ್ಗುತ್ತದೆ. ಸಂತ ಪಾಲರ ಇಗರ್ಜಿಯ ಬಿಳಿ ಮುಂಭಾಗವನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ನಾನು ಹೆಚ್ಚು ಹೊತ್ತು ಕಳೆದದ್ದು ನಗರ್ ಸೇಠ್ ಹವೇಲಿಯ ಆಸುಪಾಸಿನ ಓಣಿಗಳಲ್ಲಿ. ಇಲ್ಲಿನ ಬನಿಯಾ ವ್ಯಾಪಾರಿಗಳು ಗುಜರಾತಿನ ಬಟ್ಟೆಯನ್ನು ಮೊಜಾಂಬಿಕ್‌ಗೆ ಒಯ್ದು ಆನೆದಂತ ತರುತ್ತಿದ್ದರು. ಆ ಹಡಗುಗಳು ಗುಲಾಮರನ್ನೂ ತಂದವೆಂಬುದನ್ನು ಮರೆಯಬಾರದು. ವ್ಯಾಪಾರಿಗಳು ಹೋಗುವುದಕ್ಕೂ ಬರುವುದಕ್ಕೂ ಮಾರುತದ ದಿಕ್ಕು ತಿರುಗುವವರೆಗೆ ಕಾಯಬೇಕಿತ್ತು. ಆ ನಂಟು ಇನ್ನೂ ಬಿಟ್ಟಿಲ್ಲ: ದಿಯುವಿನ ಬಹಳ ಮನೆತನಗಳು ಮೊಜಾಂಬಿಕ್, ಪೋರ್ಚುಗಲ್, ಇಂಗ್ಲೆಂಡಿನಲ್ಲಿ ನೆಲೆಸಿವೆ. ಕೆತ್ತನೆಯ ಬಾಲ್ಕನಿ, ಬಣ್ಣ ಮಾಸಿದ ಬಾಗಿಲು, ಅದಕ್ಕೆ ಬೀಗ. ಇಂಥ ಮನೆಗಳು ಓಣಿ ಓಣಿಯಲ್ಲಿವೆ.

ಪೋರ್ಚುಗೀಸರ ಆಳ್ವಿಕೆ 1961ರ ಡಿಸೆಂಬರ್ 19ರಂದು ಮುಗಿಯಿತು. ಹತ್ತು ವರ್ಷದ ನಂತರ, 1971ರ ಡಿಸೆಂಬರ್ 9ರಂದು, ಈ ಕರಾವಳಿಯಾಚೆ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಭಾರತದ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಕಡಲ ಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಖುಕ್ರಿಯ ಸ್ಮಾರಕ ಊರಿನ ದಕ್ಷಿಣದ ದಿನ್ನೆಯ ಮೇಲಿದೆ.

ಸೋಮನಾಥಕ್ಕೆ ಹೋಗುವ ನಮ್ಮ ಕಡೆಯವರು ದಿಯುವನ್ನು ಅಗ್ಗದ ಮದ್ಯ ಸಿಗುವ ಊರೆಂದಷ್ಟೇ ತಿಳಿದು ಬಿಟ್ಟುಬಿಡಬೇಡಿ. ಊನಾ ಪಟ್ಟಣದಿಂದ ಅದು ತೀರ ಹತ್ತಿರ. ಮಳೆಗಾಲದಲ್ಲೇ ಹೋಗಿ, ಬೆಳಿಗ್ಗೆಯೇ ಕೋಟೆ ಹತ್ತಿ; ಸಂಜೆ ಬೇಗ ಬಾಗಿಲು ಹಾಕುತ್ತಾರೆ.