ಮಲತಂದೆ ವಲಿಯಾಗಬಲ್ಲನೆ?

ಬ್ಯಾಡಗಿಯಲ್ಲೋ ರಾಣೇಬೆನ್ನೂರಿನಲ್ಲೋ ವಿಧವೆಯೊಬ್ಬಳು ಮರುನಿಕಾಹ್ ಆದರೆ, ಅವಳ ಮಗುವಿಗೂ ಅಪ್ಪ ಸಿಕ್ಕ ಎನ್ನುತ್ತಾರೆ ಜನ. ಸಾಕುವುದು ನಮಗೆ ಹೊಸತೇನಲ್ಲ. ಉಮ್ಮು ಸಲಮಾರ ಮಗ ಉಮರ್ ಬೆಳೆದದ್ದು ಪ್ರವಾದಿ(ಸ)ಯವರ ಮನೆಯಲ್ಲೇ. ಆದರೆ ಸಾಕುವುದು ಬೇರೆ, ವಲಿ, ಅಂದರೆ ಕಾನೂನಿನ ಪೋಷಕ, ಆಗುವುದು ಬೇರೆ.

ಹನಫಿ ಫಿಕ್ಹ್‌ನಂತೆ ಮಗುವಿನ ಆಸ್ತಿಗೆ ತಂದೆ, ಆತ ನೇಮಿಸಿದ ವಸಿ, ಬಳಿಕ ಅಜ್ಜ ವಲಿ. ತಾಯಿಗಿರುವುದು ಹಿಜಾನತ್, ಸಾಕುವ ಹಕ್ಕು ಮಾತ್ರ. ಮಗುವಿನ ಹತ್ತಿರದ ರಕ್ತಸಂಬಂಧಿಯಲ್ಲದವನನ್ನು ಮದುವೆಯಾದರೆ ಅದೂ ಕೈತಪ್ಪಬಹುದು. 1918ರಲ್ಲಿ ಇಮಾಂಬಂದಿ ಪ್ರಕರಣದಲ್ಲಿ, ತಾಯಿಯೊಬ್ಬಳು ಮಕ್ಕಳ ಪಾಲು ಮಾರಿದ್ದು ಸಲ್ಲದೆಂದು ಪ್ರಿವಿ ಕೌನ್ಸಿಲ್ ಹೇಳಿತು. ತೀರ್ಪು ಸೈಯದ್ ಅಮೀರ್ ಅಲಿಯವರದು. ತಾಯಿಗೇ ಇಲ್ಲದ್ದು ಮಲತಂದೆಗೆ ಎಲ್ಲಿಂದ ಬರಬೇಕು?

ದಾರಿಯಿರುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ. ಮಗು ವಾಸವಿರುವ ಜಿಲ್ಲೆಯ ನ್ಯಾಯಾಲಯಕ್ಕೆ ಮಲತಂದೆಯೂ ಅರ್ಜಿ ಹಾಕಬಹುದು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಇಲ್ಲಿಯವರದು ಧಾರವಾಡ ಜಿಲ್ಲೆ. 17ನೇ ಕಲಮಿನಂತೆ ನ್ಯಾಯಾಧೀಶರು ಮಗುವಿನ ಹಿತ, ವಯಸ್ಸು, ಧರ್ಮ, ಅರ್ಜಿದಾರನ ನಡತೆ ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಪರಿಗಣಿಸಬಹುದು. ತಲಾಕ್ ಆದವಳ ಮಾತು ಬೇರೆ: ಹೆತ್ತ ತಂದೆ ಬದುಕಿದ್ದು, ಅಯೋಗ್ಯನೆಂದು ಕೋರ್ಟಿಗೆ ಅನಿಸದಿದ್ದರೆ 19ನೇ ಕಲಮು ಅಡ್ಡಬರುತ್ತದೆ.

ಹೀಗೆ ನೇಮಕಗೊಂಡ ಮಲತಂದೆಯೂ ಮಗುವಿನ ಹೊಲ ಮಾರಬೇಕೆಂದರೆ ಮತ್ತೆ ಕೋರ್ಟಿನ ಅನುಮತಿ ಬೇಡಬೇಕು.