ಚಿನ್ನದ ಗಣಿಯಿಂದ ಕಾರಿನ ಡಿಕ್ಕಿಗೆ: ಸ್ಪ್ಯಾನರ್ ನಡೆದು ಬಂದ ದಾರಿ

ಕೋಲಾರದ ಚಿನ್ನದ ಗಣಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಚಿನ್ನ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಕಾಲಿಟ್ಟಿತು. ಅಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಈ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತು. ಆ ಚಿನ್ನ ಊರಿನಲ್ಲಿ ಉಳಿಯಲಿಲ್ಲ. ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ ಕೈಗಳು.

ಈ ಎರಡನೆಯ ಆಸ್ತಿಯ ಬಗ್ಗೆ ಬರೆದವರು ಕಡಿಮೆ. ಮನೆಯ ಮುಂದೆ ನಿಂತ ಕಾರಿನ ಸಣ್ಣಪುಟ್ಟ ರಿಪೇರಿಯನ್ನು ತಾವೇ ಮಾಡಿಕೊಳ್ಳಬೇಕೆಂದು ಹೊರಟವರು ಅಂಗಡಿಗೆ ಹೋಗಿ ಸ್ಪ್ಯಾನರ್ ಸೆಟ್ ಕೇಳಿದರೆ, ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ‘ಇಂಚಾ, ಎಂಎಂಆ?’ ಎಂದು. ಈ ಪ್ರಶ್ನೆಯ ಹಿಂದೆ ನೂರೆಂಬತ್ತು ವರ್ಷಗಳ ಇತಿಹಾಸವಿದೆ. ಅದರ ಒಂದು ಕವಲು ನಮ್ಮ ಚಿನ್ನದ ಗಣಿಯ ಮೂಲಕವೇ ಹರಿದು ಬಂದಿದೆ. ಅದನ್ನು ತಿಳಿದುಕೊಂಡರೆ ಯಾವ ಸಲಕರಣೆ ಕೊಳ್ಳಬೇಕು, ಯಾವುದು ಬೇಡ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಗಣಿಯೊಳಗಿನ ಕಾರ್ಖಾನೆ

ಗಣಿ ಎಂದರೆ ಹಾರೆ, ಗುದ್ದಲಿ ಹಿಡಿದು ಅಗೆಯುವ ಜಾಗ ಎಂಬುದು ಸಾಮಾನ್ಯ ಕಲ್ಪನೆ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮುಟ್ಟಿದ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಕ್ಕೆ ಮನುಷ್ಯರನ್ನು ಇಳಿಸಲು, ಅದಿರನ್ನು ಮೇಲೆತ್ತಲು, ನೀರನ್ನು ಹೊರಹಾಕಲು, ಗಾಳಿಯನ್ನು ಒಳಗೆ ಕಳಿಸಲು ಯಂತ್ರಗಳೇ ಬೇಕು. ಮೊದಲು ಉಗಿ ಯಂತ್ರಗಳು ಬಂದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ಸುಮಾರು 16 ಕಿಲೋಮೀಟರ್ ರೈಲು ಹಾದಿ ಬಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ಗಣಿಗೆ ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬರುವುದಕ್ಕೂ ಮೊದಲೇ ಇಲ್ಲಿ ಯಂತ್ರಗಳು ವಿದ್ಯುತ್ತಿನಿಂದ ತಿರುಗುತ್ತಿದ್ದವು.

ಯಂತ್ರವಿದ್ದ ಕಡೆ ಅದನ್ನು ಸರಿಪಡಿಸುವವರು ಇರಲೇಬೇಕು. ಫಿಟ್ಟರ್, ಟರ್ನರ್, ಕಮ್ಮಾರ, ಬಾಯ್ಲರ್ ಕೆಲಸಗಾರ, ಎಲೆಕ್ಟ್ರಿಷಿಯನ್ ಹೀಗೆ ಹೊಸ ಹೊಸ ಕಸುಬುಗಳು ಊರಿಗೆ ಬಂದವು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ವಲಸೆ ಬಂದ ತಮಿಳು, ತೆಲುಗು ಕುಟುಂಬಗಳೇ ಇಲ್ಲಿನ ಕಾರ್ಮಿಕರಲ್ಲಿ ಹೆಚ್ಚು. ಅವರಲ್ಲಿ ಬಹುಪಾಲು ಜನ ದಲಿತರು. ಆರಂಭದ ದಶಕಗಳಲ್ಲಿ ಮೇಲ್ವಿಚಾರಣೆಯ ಹಾಗೂ ಹೆಚ್ಚು ಕೌಶಲದ ಕೆಲಸಗಳು ಯೂರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರ ಪಾಲಾಗಿದ್ದವು. ಕಲ್ಲು ಹೊರುವ ಕೆಲಸ ಒಬ್ಬರದು, ಅಳತೆ ಹಿಡಿಯುವ ಕೆಲಸ ಇನ್ನೊಬ್ಬರದು. ಈ ಗೆರೆ ಅಳಿಸಿಹೋಗಲು ಬಹಳ ಕಾಲ ಬೇಕಾಯಿತು. ಹಾಗಾಗಿ ಗಣಿಯ ಮನೆಯೊಂದರಲ್ಲಿ ಮಗ ಫಿಟ್ಟರ್ ಆದನೆಂದರೆ ಅದು ಸಂಬಳದ ಮಾತಷ್ಟೇ ಆಗಿರಲಿಲ್ಲ, ಮರ್ಯಾದೆಯ ಮಾತೂ ಆಗಿತ್ತು.

ಅಳತೆಗಳ ಜಗಳ

ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಯಂತ್ರಗಳ ಜೊತೆಗೆ ಅಲ್ಲಿನ ಅಳತೆಯೂ ಬಂತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರತಿ ಕಾರ್ಖಾನೆಯೂ ತನಗೆ ತೋಚಿದ ಹಾಗೆ ಬೋಲ್ಟಿಗೆ ಮರೆ ಕೊರೆಯುತ್ತಿತ್ತು. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಮರೆಯ ಕೋನ 55 ಡಿಗ್ರಿ ಇರಬೇಕು, ಇಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟು ಸುತ್ತು ಇರಬೇಕು ಎಂದು ಒಂದು ಪದ್ಧತಿಯನ್ನು ಮುಂದಿಟ್ಟರು. ಬ್ರಿಟಿಷ್ ಸಾಮ್ರಾಜ್ಯದ ಯಂತ್ರಗಳಲ್ಲಿ ಅದೇ ವಾಡಿಕೆಯಾಯಿತು.

ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕೆತ್ತಿರುವ ಸಂಖ್ಯೆ ಅದರ ಬಾಯಿಯ ಅಗಲವಲ್ಲ, ಬೋಲ್ಟಿನ ದಪ್ಪ. ಕಾಲು ಇಂಚು ಎಂದು ಬರೆದಿದ್ದರೆ ಬಾಯಿ ಅರ್ಧ ಇಂಚಿಗಿಂತ ತುಸು ದೊಡ್ಡದಾಗಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೋಲ್ಟು ಬ್ರಿಟಿಷ್ ಯಂತ್ರಕ್ಕೆ ಹೊಂದದೆ ಪಟ್ಟ ಪಾಡಿನಿಂದಾಗಿ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ಸೇರಿ ಹೊಸದೊಂದು ಪದ್ಧತಿಗೆ ಒಪ್ಪಿದವು. ಅದರಲ್ಲಿ ಸ್ಪ್ಯಾನರಿನ ಸಂಖ್ಯೆ ನಟ್ಟಿನ ಎದುರುಬದುರು ಮುಖಗಳ ನಡುವಿನ ಅಗಲವನ್ನು ಹೇಳುತ್ತದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ 1950ರ ದಶಕದ ಕೊನೆಯಲ್ಲಿ ನಮ್ಮಲ್ಲಿ ಅಂಬಾಸಿಡರ್ ಹುಟ್ಟಿತು. ಹಳೆಯ ಅಂಬಾಸಿಡರ್ ಇಂಚಿನ ಗಾಡಿ. ಇಟಲಿಯ ಮೂಲದ ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡದ್ದು, ಮಿಲಿಮೀಟರಿನ ಗಾಡಿ. ಪದ್ಮಿನಿಯನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯ ಹಿಂದೆಯೂ ಕೋಲಾರ ಸೀಮೆಯವರೊಬ್ಬರ ಕನಸಿತ್ತು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿ ಓಡಾಡಿದ್ದರು. ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮುಂಬಯಿಯಲ್ಲಿ ಪ್ರೀಮಿಯರ್ ಸ್ಥಾಪಿಸಿದರು.

ಹೀಗೆ ಒಂದೇ ಗ್ಯಾರೇಜಿನ ಗೋಡೆಯ ಮೇಲೆ ಎರಡು ಸಂಸಾರದ ಸ್ಪ್ಯಾನರುಗಳು ತೂಗಾಡಿದವು. ಇವುಗಳಲ್ಲಿ ಕೆಲವು ಹತ್ತಿರದ ನೆಂಟರು. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, ಆದ್ದರಿಂದ 19ರ ಸ್ಪ್ಯಾನರ್ ಹೆಚ್ಚು ಕಡಿಮೆ ಅದಕ್ಕೆ ಸರಿಹೋಗುತ್ತದೆ. ಆದರೆ ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಜೋರು ಹಾಕಿದೊಡನೆ ಜಾರುತ್ತದೆ. ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ, ಹಿಡಿದವರ ಬೆರಳ ಗೆಣ್ಣು ಸುಲಿಯುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಷ್ಟು ದಂಡ!

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಜಗಳ ಮಿಲಿಮೀಟರಿನ ಪರವಾಗಿ ತೀರ್ಮಾನವಾಯಿತು. ಆದರೂ ಒಂದು ಕೊಸರು ಉಳಿಯಿತು. ಜಪಾನಿ ಮೂಲದ ಕಾರುಗಳಲ್ಲಿ 10, 12, 14, 17ರ ನಟ್ಟುಗಳು ಹೆಚ್ಚು. ಯೂರೋಪಿನ ಮೂಲದವುಗಳಲ್ಲಿ 12ರ ಬದಲು 13 ಸಾಮಾನ್ಯ. ಗ್ಯಾರೇಜುಗಳಲ್ಲಿ ‘ಬಾರಾ-ತೇರಾ ಕೊಡೋ’ ಎಂದು ಕೇಳುವ ಆ 12-13ರ ಸ್ಪ್ಯಾನರ್ ಎರಡು ಖಂಡಗಳ ನಡುವಿನ ರಾಜಿ ಸೂತ್ರ.

ಮೊದಲ ಪೆಟ್ಟಿಗೆ

ಹಾಗಾದರೆ ಹೊಸಬರು ಕೊಳ್ಳಬೇಕಾದ್ದೇನು? ನೂರಾರು ತುಂಡುಗಳ ಥಳಥಳಿಸುವ ಪೆಟ್ಟಿಗೆ ಬೇಕಿಲ್ಲ. ಇಂದಿನ ಕಾರಿಗಾದರೆ 8ರಿಂದ 19ರವರೆಗಿನ ಮಿಲಿಮೀಟರ್ ಅಳತೆಯ ಡಬಲ್ ಸ್ಪ್ಯಾನರುಗಳ ಒಂದು ಸೆಟ್, ಅದೇ ಅಳತೆಯ ರಿಂಗ್ ಸ್ಪ್ಯಾನರುಗಳ ಒಂದು ಸೆಟ್. ಬಾಯಿ ತೆರೆದ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ, ರಿಂಗ್ ಆರೂ ಮೂಲೆಗಳನ್ನು ತಬ್ಬಿ ಹಿಡಿಯುತ್ತದೆ. ಆದ್ದರಿಂದ ಬಿಗಿದ ನಟ್ಟನ್ನು ಮೊದಲು ರಿಂಗಿನಿಂದ ಸಡಿಲಿಸಿ, ಆಮೇಲೆ ಡಬಲ್ ಸ್ಪ್ಯಾನರಿನಿಂದ ಬೇಗ ಬಿಚ್ಚುವುದು ಹಳಬರ ಕ್ರಮ. ಸ್ಪ್ಯಾನರನ್ನು ತಳ್ಳಬಾರದು, ತಮ್ಮ ಕಡೆಗೆ ಎಳೆಯಬೇಕು. ಜಾರಿದರೆ ಕೈ ಲೋಹಕ್ಕೆ ಬಡಿಯುವುದು ತಪ್ಪುತ್ತದೆ.

ಕೈ ಹೋಗದ ಸಂದಿಗೆ ಸಾಕೆಟ್ ಸೆಟ್ ಬೇಕು, ಜೊತೆಗೆ ರ್‍ಯಾಚೆಟ್ ಹಿಡಿ ಮತ್ತು ಉದ್ದದ ಕೊಂಡಿ. ಚಪ್ಪಟೆ ಮೂತಿಯ ಎರಡು, ನಕ್ಷತ್ರ ಮೂತಿಯ ಎರಡು ಸ್ಕ್ರೂ ಡ್ರೈವರ್, ಒಂದು ಕಟಿಂಗ್ ಪ್ಲೇಯರ್, ಒಂದು ನೋಸ್ ಪ್ಲೇಯರ್, ಮಧ್ಯಮ ತೂಕದ ಸುತ್ತಿಗೆ, ಗಾಳಿಯ ಒತ್ತಡ ಅಳೆಯುವ ಗೇಜು, ಬ್ಯಾಟರಿ ಪರೀಕ್ಷೆಗೆ ಮಲ್ಟಿಮೀಟರ್, ಒಳ್ಳೆಯ ಟಾರ್ಚು. ಪ್ಲಗ್ ಬಿಚ್ಚಲು ಪ್ಲಗ್ ಸ್ಪ್ಯಾನರ್ ಬೇರೆಯೇ ಬೇಕು. ಹಳೆಯ ಗಾಡಿಗಳ ಪ್ಲಗ್ಗಿಗೆ ಸಾಮಾನ್ಯವಾಗಿ 21ರದು, ಹೊಸ ಗಾಡಿಗಳಲ್ಲಿ ಅನೇಕಕ್ಕೆ 16ರದು. ಅಂಬಾಸಿಡರ್, ಪದ್ಮಿನಿಗಳನ್ನು ಇನ್ನೂ ಸಾಕಿಕೊಂಡಿರುವವರಿಗೆ ಇವುಗಳ ಜೊತೆಗೆ ಫೀಲರ್ ಗೇಜ್ ಎಂಬ ತೆಳು ತಗಡುಗಳ ಗೊಂಚಲೂ ಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿಗಳ ನಡುವೆ, ಸಿ.ಬಿ. ಪಾಯಿಂಟಿನ ನಡುವೆ ಬಿಡಬೇಕಾದ ಸಂದನ್ನು ಅಳೆಯುವುದು ಅದರಿಂದಲೇ.

ತಿರುಗಿಸುವ ಸ್ಪ್ಯಾನರ್, ಅಂದರೆ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದದ್ದು, ಒಂದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅದು ಕೊಳಾಯಿಯ ಕೆಲಸಕ್ಕೆ ಚೆನ್ನ. ಕಾರಿನ ಬಿಗಿ ನಟ್ಟಿಗೆ ಹಾಕಿದರೆ ಅದರ ಬಾಯಿ ಸಡಿಲಗೊಂಡು ಮೂಲೆ ಸವೆಸುತ್ತದೆ. ತುಕ್ಕು ಹಿಡಿದ ನಟ್ಟಿಗೆ ಬಲಕ್ಕಿಂತ ತಾಳ್ಮೆ ಮದ್ದು. ತುಕ್ಕು ಬಿಡಿಸುವ ಎಣ್ಣೆ ಹನಿಸಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಅದು ಮಾತು ಕೇಳುತ್ತದೆ.

ಕಾರಿನ ಜೊತೆ ಬಂದ ಮಾತುಗಳಿಗೂ ಊರುಂಟು. ಬದಲಿ ಚಕ್ರಕ್ಕೆ ನಾವು ‘ಸ್ಟೆಪ್ನಿ’ ಎನ್ನುತ್ತೇವೆ. ವೇಲ್ಸಿನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಬದಲಿ ಚಕ್ರ ತಯಾರಿಸಿದ ಡೇವಿಸ್ ಸಹೋದರರ ಅಂಗಡಿಯ ನೆನಪು ಅದು. ಇಂಗ್ಲಿಷರೇ ಬಹುಮಟ್ಟಿಗೆ ಮರೆತ ಆ ಬೀದಿಯ ಹೆಸರು ಬಂಗಾರಪೇಟೆಯ ಪಂಕ್ಚರ್ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ.

ಎತ್ತುವುದು ಬೇರೆ, ಹೊರುವುದು ಬೇರೆ

ಈ ಪಟ್ಟಿಯಲ್ಲಿ ಇನ್ನೂ ಹೆಸರಿಸದ ಸಲಕರಣೆಯೊಂದಿದೆ. ಉಳಿದವು ಇಲ್ಲದಿದ್ದರೆ ಕೆಲಸ ಕೆಡಬಹುದು, ಇದಿಲ್ಲದಿದ್ದರೆ ಪ್ರಾಣವೇ ಹೋಗಬಹುದು.

ಕಾರನ್ನು ಎತ್ತುವುದು ಜಾಕಿ. ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಸೂತ್ರವನ್ನು ಹದಿನೇಳನೆಯ ಶತಮಾನದಲ್ಲಿ ಪ್ಯಾಸ್ಕಲ್ ವಿವರಿಸಿದರು. ಜೋಸೆಫ್ ಬ್ರಾಮಾ 1795ರಲ್ಲಿ ಅದರಿಂದ ಒತ್ತು ಯಂತ್ರ ಮಾಡಿದರು. 1851ರಲ್ಲಿ ಅಮೆರಿಕದ ರಿಚರ್ಡ್ ಡಜನ್ ಕೈಯಲ್ಲಿ ಒಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ಪೇಟೆಂಟ್ ಪಡೆದರು. ಬೆರಳ ಬಲದಿಂದ ಟನ್ನಿನ ಭಾರ ಏಳುವುದನ್ನು ಕಂಡವರಿಗೆ ಅದರ ಮೇಲೆ ಪೂರ್ಣ ನಂಬಿಕೆ ಬಂದುಬಿಡುತ್ತದೆ. ಅಪಾಯ ಇರುವುದು ಅಲ್ಲಿಯೇ. ಒಳಗಿನ ಒಂದು ರಬ್ಬರಿನ ಬಳೆ ಸವೆದರೆ ಸಾಕು, ಜಾಕಿ ಕುಸಿಯುತ್ತದೆ. ಜಾಕಿ ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ.

ಈ ಪಾಠವನ್ನು ಚಿನ್ನದ ಗಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ನೆಲದಾಳದ ಒತ್ತಡಕ್ಕೆ ಬಂಡೆ ಸಿಡಿದು ಜನ ಸಾಯುವುದು ಇಲ್ಲಿನ ಹಳೆಯ ಶಾಪ. ಅದಿರು ತೆಗೆದ ಜಾಗಕ್ಕೆ ಮರದ ದಿಮ್ಮಿ, ಗ್ರಾನೈಟ್ ಕಲ್ಲಿನ ಕಟ್ಟಡದ ಆಸರೆ ಕೊಡುತ್ತಾ ಗಣಿ ಕೆಳಗಿಳಿಯಿತು. ಬಂಡೆಯ ನಡವಳಿಕೆಯನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು 1988ರಲ್ಲಿ ಇದೇ ಊರಿನಲ್ಲಿ ಆರಂಭವಾದದ್ದು ಆಕಸ್ಮಿಕವಲ್ಲ. ಆಸರೆ ಇಲ್ಲದ ಸೂರಿನ ಕೆಳಗೆ ಕಾಲಿಡಬಾರದು ಎಂಬುದು ಗಣಿಯ ಮೊದಲ ನೀತಿ.

ಕಾರಿಗೂ ಅದೇ ನೀತಿ. ಚಿಕ್ಕ ಗಾಡಿ ಎನಿಸಿಕೊಂಡ ಮಾರುತಿ 800 ಕೂಡ ಸುಮಾರು 650 ಕಿಲೋ ತೂಗುತ್ತದೆ. ಆದ್ದರಿಂದ ಮೊದಲ ಪೆಟ್ಟಿಗೆಯಲ್ಲೇ ಎರಡು ಆಕ್ಸಲ್ ಸ್ಟ್ಯಾಂಡುಗಳಿರಬೇಕು. ಗಟ್ಟಿ, ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರು ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎತ್ತದ ಚಕ್ರಗಳಿಗೆ ಮುಂದೆ ಹಿಂದೆ ಕಟ್ಟಿಗೆಯ ತಡೆ ಕೊಡಬೇಕು. ಕಂಪೆನಿಯ ಪುಸ್ತಕ ತೋರಿಸಿದ ಜಾಗಕ್ಕೇ ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ಭಾರ ಇಳಿಸಿದ ಮೇಲಷ್ಟೇ ಕೆಳಗೆ ಹೋಗಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಆಸರೆಯಲ್ಲ, ಅವು ಸೂಚನೆ ಕೊಡದೆ ಒಡೆಯುತ್ತವೆ. ಚಕ್ರ ಬದಲಿಸುವಾಗ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ತುಸು ಸಡಿಲಿಸಿ, ಹಾಕುವಾಗ ಎದುರುಬದುರು ಕ್ರಮದಲ್ಲಿ ಬಿಗಿದು, ಗಾಡಿ ಇಳಿದ ಮೇಲೆ ಕೊನೆಯ ಬಿಗಿ ಕೊಡಬೇಕು.

ಗಣಿ ಮುಚ್ಚಿದ ಮೇಲೆ

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈ ಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೂಪುಗೊಂಡಿತು. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಇಲ್ಲಿ ಬುಲ್ಡೋಜರಿನಂಥ ದೊಡ್ಡ ಯಂತ್ರಗಳ ತಯಾರಿಕೆಗೆ ತೊಡಗಿ, ಊರಿನ ಕೈಗಳಿಗೆ ಇನ್ನೊಂದು ದಾರಿ ತೆರೆಯಿತು. ಆದರೂ 2001ರ ಬಾಗಿಲು ಮುಚ್ಚುವಿಕೆ ಸಾವಿರಾರು ಮನೆಗಳ ಬೆನ್ನು ಮುರಿಯಿತು. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪದ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ಜನಸಾಗರ ಅದರ ಸಾಕ್ಷಿ. ಗಣಿಗೆ ಯಂತ್ರ ತಂದ ಹಾದಿಯೇ ಗಣಿಯ ಮಕ್ಕಳನ್ನು ಹೊರಗೆ ಒಯ್ಯುವ ಹಾದಿಯಾಯಿತು.

ಕಾರುಗಳೂ ಬದಲಾಗಿವೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಎಂಜಿನ್ನಿನ ಬಹುಪಾಲು ದೂರುಗಳನ್ನು ಸ್ಕ್ಯಾನರ್ ಇಟ್ಟು ಓದಬೇಕು. ಬ್ಯಾಟರಿ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿ ಕಂಡರೆ ಹೊಸಬರು ಕೈ ಇಡಲೇಬಾರದು. ಏರ್‌ಬ್ಯಾಗ್, ಇಂಧನದ ಕೊಳವೆ, ಬ್ರೇಕುಗಳನ್ನು ಬಲ್ಲವರಿಗೆ ಬಿಡುವುದೇ ಒಳಿತು. ಆದರೆ ಚಕ್ರ ಬದಲಿಸುವುದು, ಬ್ಯಾಟರಿಯ ತುದಿ ಉಜ್ಜುವುದು, ಏರ್ ಫಿಲ್ಟರ್ ಹಾಕುವುದು, ಬಲ್ಬು, ವೈಪರ್ ಬದಲಿಸುವುದು ಇವೆಲ್ಲ ಇಂದಿಗೂ ಮನೆಯಲ್ಲೇ ಆಗುವ ಕೆಲಸಗಳು.

ಕೆಲಸ ಮುಗಿದ ಮೇಲೆ ಪ್ರತಿ ಸ್ಪ್ಯಾನರನ್ನೂ ಒರೆಸಿ, ಎಣಿಸಿ, ಪೆಟ್ಟಿಗೆಗೆ ಸೇರಿಸುವುದು ಹಳೆಯ ಫಿಟ್ಟರುಗಳ ವಾಡಿಕೆ. ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಅದು ಎಂಜಿನ್ನಿನೊಳಗೇ ಉಳಿದಿರಬಹುದು. ಬಾನೆಟ್ ಮುಚ್ಚುವ ಮೊದಲು ಎಣಿಸಬೇಕು.