ಡೀಸೆಲ್ ಪಂಪ್‌ಸೆಟ್: ನಿರ್ವಹಣೆ ಮತ್ತು ದೋಷ ನಿವಾರಣೆ

ನದಿ, ಹಳ್ಳ, ಕೃಷಿ ಹೊಂಡ ಹಾಗೂ ತೆರೆದ ಬಾವಿಗಳಿಂದ ನೀರೆತ್ತಲು ಡೀಸೆಲ್ ಎಂಜಿನ್‌ಗೆ ಜೋಡಿಸಿದ ಸೆಂಟ್ರಿಫ್ಯೂಗಲ್ ಪಂಪ್ ಬಳಕೆಯಲ್ಲಿದೆ. ಮುಸುಕಿನ ಜೋಳದಲ್ಲಿ ಸೂಲಂಗಿ ಮತ್ತು ರೇಷ್ಮೆ ಎಳೆ ಹೊರಡುವ ಹಂತದಲ್ಲಿ ಕೆಲವೇ ದಿನ ನೀರು ತಪ್ಪಿದರೂ ಕಾಳು ಕಟ್ಟುವುದು ಕುಂಠಿತವಾಗುತ್ತದೆ. ಆದ್ದರಿಂದ ನೀರು ಕಡಿಮೆಯಾದಾಗ ದೋಷವನ್ನು ಬೇಗ ಗುರುತಿಸುವುದು ಅವಶ್ಯ. ಎಂಜಿನ್ ಬಿಚ್ಚುವ ಮೊದಲು ಸಕ್ಷನ್ ಭಾಗವನ್ನು ಪರಿಶೀಲಿಸಿರಿ.

ಸಕ್ಷನ್ ಎತ್ತರ
ಪಂಪು ನೀರನ್ನು ಎಳೆಯುವುದಿಲ್ಲ. ಪಂಪಿನೊಳಗೆ ಒತ್ತಡ ಇಳಿದಾಗ ವಾಯುಮಂಡಲದ ಒತ್ತಡವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಇದರ ಸೈದ್ಧಾಂತಿಕ ಮಿತಿ 10.3 ಮೀ. ಸುಮಾರು 900 ಮೀ. ಎತ್ತರದ ಪ್ರದೇಶಗಳಲ್ಲಿ ಈ ಮಿತಿ ಹೆಚ್ಚುಕಡಿಮೆ 1 ಮೀ. ತಗ್ಗುತ್ತದೆ. ಪೈಪಿನ ಘರ್ಷಣೆಯನ್ನೂ ಪರಿಗಣಿಸಿ, ನೀರಿನ ಮಟ್ಟದಿಂದ ಪಂಪಿಗೆ 6 ಮೀ. ಮೀರದಂತೆ ಅಳವಡಿಸುವುದು ಸೂಕ್ತ.

ದೋಷಗಳು ಮತ್ತು ಪರಿಹಾರ
1. ನೀರು ಬಾರದಿರುವುದು: ಪಂಪ್ ಮತ್ತು ಸಕ್ಷನ್ ಪೈಪಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಿರಿ. ತುಂಬಿದ ನೀರು ಇಳಿದುಹೋದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿರಬಹುದು ಅಥವಾ ಅದರ ವಾಷರ್ ಸವೆದಿರಬಹುದು.
2. ಸ್ವಲ್ಪ ಹೊತ್ತು ಬಂದು ನಿಲ್ಲುವುದು: ಪೈಪಿನ ಜೋಡಣೆಗಳಲ್ಲಿ ಗಾಳಿ ಸೇರುತ್ತಿದೆಯೇ, ನೀರಿನ ಮಟ್ಟ ಇಳಿದು ಫುಟ್‌ವಾಲ್ವ್ ಹೊರಬಿದ್ದಿದೆಯೇ ನೋಡಿರಿ. ಪೈಪು ಪಂಪಿನ ಕಡೆಗೆ ಸತತವಾಗಿ ಏರಿರಬೇಕು. ನಡುವೆ ಉಬ್ಬಿದ್ದರೆ ಅಲ್ಲಿ ಗಾಳಿ ನಿಲ್ಲುತ್ತದೆ.
3. ಜಲ್ಲಿಕಲ್ಲು ಉರುಳಿದಂತಹ ಶಬ್ದ: ಒತ್ತಡ ತೀರಾ ಇಳಿದಾಗ ನೀರಿನಲ್ಲಿ ಆವಿಯ ಗುಳ್ಳೆಗಳುಂಟಾಗಿ ಒಡೆಯುತ್ತವೆ, ಇಂಪೆಲ್ಲರ್‌ನಲ್ಲಿ ಗುಳಿ ಬೀಳುತ್ತವೆ. ಜರಡಿಯನ್ನು ಸ್ವಚ್ಛಗೊಳಿಸಿ, ಸಕ್ಷನ್ ಎತ್ತರವನ್ನು ತಗ್ಗಿಸಿರಿ.
4. ನೀರು ಕಡಿಮೆ ಬರುವುದು: ಬೆಲ್ಟ್ ಜಾರುವಿಕೆ, ಎಂಜಿನ್ ವೇಗ ಹಾಗೂ ಇಂಪೆಲ್ಲರ್ ಸವೆತವನ್ನು ಪರೀಕ್ಷಿಸಿರಿ. ವೇಗ ಶೇ. 10ರಷ್ಟು ತಗ್ಗಿದರೆ ಪಂಪು ಎತ್ತಬಲ್ಲ ಎತ್ತರ ಶೇ. 19ರಷ್ಟು ತಗ್ಗುತ್ತದೆ.
5. ಕಪ್ಪು ಹೊಗೆ: ಏರ್ ಫಿಲ್ಟರ್ ಕಟ್ಟಿಕೊಂಡಿರುವುದು, ಅತಿಯಾದ ಹೊರೆ ಅಥವಾ ಇಂಜೆಕ್ಟರ್ ದೋಷ ಇದಕ್ಕೆ ಕಾರಣವಾಗಿರಬಹುದು.

ನಿಯಮಿತ ನಿರ್ವಹಣೆ
ಪ್ರತಿದಿನ ಎಂಜಿನ್ ಆಯಿಲ್ ಮಟ್ಟ ಮತ್ತು ತಂಪುಗೊಳಿಸುವ ನೀರಿನ ಹರಿವನ್ನು ನೋಡಿರಿ. ಕೈಪಿಡಿಯಲ್ಲಿ ಸೂಚಿಸಿದ ಗಂಟೆಗಳಿಗೊಮ್ಮೆ ಆಯಿಲ್ ಬದಲಾಯಿಸಿರಿ. ಗ್ಲ್ಯಾಂಡ್ ಪ್ಯಾಕಿಂಗ್‌ನಿಂದ ನೀರು ಹನಿಹನಿಯಾಗಿ ಜಿನುಗುತ್ತಿರಬೇಕು. ಪೂರ್ಣ ಬಿಗಿದರೆ ಶಾಫ್ಟ್ ಕಾಯ್ದು ಸವೆಯುತ್ತದೆ. ನೀರಿಲ್ಲದೆ ಪಂಪನ್ನು ಎಂದಿಗೂ ಓಡಿಸಬಾರದು.

ಎಚ್ಚರಿಕೆ
ಬೇಸಿಗೆಯಲ್ಲಿ ನೀರು ಇಳಿದಂತೆ ಎಂಜಿನ್ ಅನ್ನು ಬಾವಿಯೊಳಗೆ ಇಳಿಸುವುದು ಪ್ರಾಣಾಪಾಯಕಾರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಅದು ಬಾವಿಯಲ್ಲಿ ತುಂಬಿದ್ದರೂ ತಿಳಿಯುವುದಿಲ್ಲ. ಒಳಗಿದ್ದವರು ಕುಸಿದರೆ ರಕ್ಷಿಸಲು ಮತ್ತೊಬ್ಬರು ಇಳಿಯಬಾರದು. ಕೂಡಲೇ 112ಕ್ಕೆ ಕರೆ ಮಾಡಬೇಕು. ನೀರು 6 ಮೀ.ಗಿಂತ ಕೆಳಗಿಳಿದಲ್ಲಿ ಸಬ್‌ಮರ್ಸಿಬಲ್ ಪಂಪನ್ನು ಅಳವಡಿಸಿಕೊಳ್ಳುವುದು ಸೂಕ್ತ.